ಸುಣ್ಣ ಬಳಿದ ಗುಡ್ಡೆ

"ಬುದ್ಧಿ, ನಂಬಿ ಬಂದವರಿಗೆ ಇಲ್ಲ ಅನ್ನಬಾರದು ಎಂದು, ಇಲ್ಲದ್ದನ್ನು ತಾನೇ ಎಲ್ಲಿಂದಲೋ ಹೊತ್ತು ತಂದು ತುಂಬಿಸಿದರೆ, ಕೊರತೆ ಇದೆ ಎನ್ನುವುದೇ ಯಾರಿಗೂ ಗೊತ್ತಾಗದಂತೆ ನೋಡಿಕೊಂಡರೆ, ಅದು ಪುಣ್ಯವಲ್ಲವೇ?"

ಹೀಗೆ ಕೇಳಿದವನು ಚನ್ನವೀರ. ಮಠದ ದಾಸೋಹ ನೋಡಿಕೊಳ್ಳುತ್ತಿದ್ದ ಶಿಷ್ಯ. ಕೆಲವು ತಿಂಗಳಿಂದ ಅವನು ಇಳಿದುಹೋಗಿದ್ದ. ಊಟದ ಪಂಕ್ತಿ ಮಾತ್ರ ಇಳಿದಿರಲಿಲ್ಲ. ಉಂಡವರು ಅವನ ಕೈಗುಣ ಹೊಗಳಿ ಹೋಗುತ್ತಿದ್ದರು.

ಗುರುಗಳು ಅವನ ಮುಖ ನೋಡಿದರು. ಕೂತುಕೋ ಎಂದು ಕೈಯಲ್ಲೇ ತೋರಿಸಿದರು. ಒಂದು ಕತೆ ಹೇಳತೊಡಗಿದರು.

ಬಹಳ ಎತ್ತರದಲ್ಲಿ ಒಂದು ಮರುಭೂಮಿ ಇತ್ತು. ಅಲ್ಲಿ ಮರಳು ಕಡಿಮೆ. ಕಲ್ಲು, ಗರಸು, ಗಾಳಿ, ಇಷ್ಟೇ. ಮೋಡ ಅಷ್ಟೆತ್ತರ ಹತ್ತುವ ಹೊತ್ತಿಗೆ ಅದರೊಳಗೆ ಮಳೆ ಉಳಿದಿರುತ್ತಿರಲಿಲ್ಲ. ಬಿಸಿಲಲ್ಲಿ ನಿಂತರೆ ಸುಡುತ್ತಿತ್ತು, ನೆರಳಿಗೆ ಹೋದರೆ ಕೊರೆಯುತ್ತಿತ್ತು. ಬೆವರು ಚರ್ಮದ ಮೇಲೆ ಕಾಣಿಸುವ ಮೊದಲೇ ಆರಿಹೋಗುತ್ತಿತ್ತು. ಹಾಗಾಗಿ ತನ್ನ ಮೈಯಿಂದ ಎಷ್ಟು ನೀರು ಹೋಯಿತು ಎಂದು ಅಲ್ಲಿ ನಡೆಯುವವನಿಗೆ ತಿಳಿಯುತ್ತಿರಲಿಲ್ಲ. ತಿಳಿಯುವಷ್ಟರಲ್ಲಿ ಕಾಲು ಕುಸಿದಿರುತ್ತಿತ್ತು.

ನೀರೇ ಇರಲಿಲ್ಲ ಎಂದಲ್ಲ. ಒಂದು ದೊಡ್ಡ ಕೆರೆ ಇತ್ತು, ಅದು ಉಪ್ಪಿನದು. ಕೆಲವು ಹೊಂಡಗಳಿದ್ದವು, ಅವು ಕಹಿ. ಕುಡಿದ ಕತ್ತೆ ಮಾರನೆಯ ದಿನ ಏಳುತ್ತಿರಲಿಲ್ಲ. ದೂರದ ಹಿಮದ ಬೆಟ್ಟದಿಂದ ಮಧ್ಯಾಹ್ನದ ಹೊತ್ತಿಗೆ ಒಂದು ಹಳ್ಳ ಇಳಿದು ಬರುತ್ತಿತ್ತು, ಸಂಜೆಯೊಳಗೆ ಗರಸಿನಲ್ಲಿ ಇಂಗಿ ಹೋಗುತ್ತಿತ್ತು. ಆ ಇಂಗಿದ ನೀರು ನೆಲದ ಅಡಿಯಲ್ಲಿ ಎಷ್ಟೋ ದಿನ ಹರಿದು ಎಲ್ಲೋ ಒಂದು ಕಡೆ ಸಿಹಿಯಾಗಿ ಮೇಲೇಳುತ್ತಿತ್ತು. ಅದನ್ನು ಬುಗ್ಗೆ ಎನ್ನುತ್ತಿದ್ದರು. ಇಡೀ ಮರುಭೂಮಿಯಲ್ಲಿ ಅಂಥವು ಬೆರಳಲ್ಲಿ ಎಣಿಸುವಷ್ಟು.

ಉಪ್ಪಿನ ಕೆರೆಯ ಸುತ್ತ ಮೇಲಿನ ಊರುಗಳು. ಮರುಭೂಮಿಯ ಆಚೆ, ಇಳಿಜಾರಿನಲ್ಲಿ, ಕಾಳು ಬೆಳೆಯುವ ಕೆಳಗಿನ ಊರುಗಳು. ಮೇಲಿನವರು ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಕೆಳಗೆ ಹೋಗುವರು, ಕಾಳು ಹೇರಿಕೊಂಡು ಮೇಲೆ ಬರುವರು. ದಾರಿ ಎರಡು. ಒಂದು, ನದಿಯ ಗುಂಟ ಸುತ್ತಿಕೊಂಡು ಹೋಗುವ ದಾರಿ. ಹನ್ನೆರಡು ದಿನ. ನೀರು ಉದ್ದಕ್ಕೂ ಇದೆ, ಆದರೆ ಕೊನೆಗೆ ಬೆಟ್ಟದ ಸಂದಿನ ಒಂದು ಕಣಿವೆ ಹತ್ತಿ ದಾಟಬೇಕು, ಹಿಮ ಬಿದ್ದರೆ ಅದು ಮುಚ್ಚಿಕೊಳ್ಳುತ್ತದೆ. ಇನ್ನೊಂದು, ಮರುಭೂಮಿಯನ್ನು ನೇರ ದಾಟುವ ದಾರಿ. ನಾಲ್ಕು ದಿನ. ಅದರ ನಟ್ಟನಡುವೆ, ಎರಡು ದಿನದ ನಡಿಗೆಯ ಮೇಲೆ, ಒಂದೇ ಒಂದು ಬುಗ್ಗೆ.

ಆ ಬುಗ್ಗೆಯ ಪಕ್ಕ ಒಂದು ಮನೆ. ಮನೆಯಲ್ಲಿ ಬುಗ್ಗೆ ಕಾಯುವವನೊಬ್ಬ, ಅವನ ಹೆಂಡತಿ. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಅದೇ ಬುಗ್ಗೆ ಕಾದವರು. ಮನೆಯವರ ಕೆಲಸ ಎರಡು. ಬುಗ್ಗೆಯ ನೀರು ಬಂದು ತುಂಬುವ ಕಲ್ಲುಬಾನಿಗೆ ಚಪ್ಪಡಿ ಮುಚ್ಚಿ ಕಾಯುವುದು ಒಂದು. ಮನೆಯ ಹಿಂದಿನ ಏರಿನ ಮೇಲೆ ಮೂರಾಳೆತ್ತರ ಪೇರಿಸಿದ್ದ ಕಲ್ಲಿನ ಗುಡ್ಡೆಗೆ ಸುಣ್ಣ ಬಳಿಯುವುದು ಇನ್ನೊಂದು.

ಈ ಎರಡನೆಯದೇ ದೊಡ್ಡ ಕೆಲಸ. ಬುಗ್ಗೆಯಿಂದ ಆಚೆಗೂ ಈಚೆಗೂ ಒಂದೊಂದು ದಿನದ ದೂರದಲ್ಲಿ ಒಂದೊಂದು ದಿಬ್ಬ ಇತ್ತು. ದಾರಿಗರು ಮೊದಲ ದಿನ ನಡೆದು ದಿಬ್ಬ ಹತ್ತಿ ನಿಲ್ಲುವರು. ದೂರದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ ಕಂಡರೆ ಬುಗ್ಗೆಯಲ್ಲಿ ನೀರಿದೆ ಎಂದು ಅರ್ಥ, ಮುಂದೆ ಹೋಗುವರು. ಕಾಣದಿದ್ದರೆ ನೀರಿಲ್ಲ ಎಂದು ಅರ್ಥ, ಉಳಿದ ನೀರಿನಲ್ಲಿ ಹಿಂದಕ್ಕೆ ಹೋಗುವರು. ಎಲ್ಲರೂ ಎರಡು ದಿನದ ನೀರನ್ನಷ್ಟೇ ಹೊರುತ್ತಿದ್ದರು. ಅದಕ್ಕಿಂತ ಹೆಚ್ಚು ಹೊತ್ತರೆ ಉಪ್ಪು ಹೊರಲು ಕತ್ತೆಯ ಬೆನ್ನಿನಲ್ಲಿ ಜಾಗ ಇರುತ್ತಿರಲಿಲ್ಲ.

ಅಲ್ಲಿಯ ಗಾಳಿ ಹದಿನೈದು ದಿನದಲ್ಲಿ ಸುಣ್ಣವನ್ನು ಕೆರೆದು ಹಾಕುತ್ತಿತ್ತು. ಮತ್ತೆ ಬಳಿಯಬೇಕು. ಬುಗ್ಗೆ ಬತ್ತಿದರೆ ಕಾಯುವವನು ಏನೂ ಮಾಡಬೇಕಾಗಿರಲಿಲ್ಲ. ಬಳಿಯದೆ ಸುಮ್ಮನಿದ್ದರೆ ಸಾಕು, ಮಿಕ್ಕದ್ದನ್ನು ಗಾಳಿ ಮಾಡುತ್ತಿತ್ತು.

ಇದರ ಜೊತೆಗೆ ಹಿಂದಿನವರು ಮಾಡಿದ್ದ ಒಂದು ಕಟ್ಟಳೆ ಇತ್ತು. ಗುಡ್ಡೆ ಮಾಸಲು ಬಿಟ್ಟ ಮನೆಯವರು ಬುಗ್ಗೆ ಬಿಟ್ಟು ಕೆಳಗಿಳಿಯಬೇಕು. ಮುಂದೆ ನೀರು ಬಂದರೆ ಬೇರೆ ಮನೆಯವರು ಹೋಗಿ ಕಾಯುತ್ತಾರೆ. ಬತ್ತಿದ ಬುಗ್ಗೆಯ ಹತ್ತಿರ ಆಸೆಯಿಂದ ಕೂತು ಯಾರೂ ಸಾಯದಿರಲಿ ಎಂದು ಮಾಡಿದ್ದು ಅದು. ಕಾಲ ಕಳೆದ ಹಾಗೆ ಜನ ಅದನ್ನು ಬೇರೆ ರೀತಿಯಲ್ಲಿ ನೋಡತೊಡಗಿದರು. ಇಳಿದು ಬಂದವರನ್ನು ಕೆಳಗಿನ ಊರುಗಳಲ್ಲಿ 'ನೀರು ಕಳೆದವರು' ಎಂದು ಕರೆಯುತ್ತಿದ್ದರು. ಮದುವೆಗೆ ಹೆಣ್ಣು ಕೊಡುವಾಗ ಅದನ್ನು ಎತ್ತಿ ಆಡುತ್ತಿದ್ದರು. ಬುಗ್ಗೆಯ ಮುಂದೆ 'ಇಲ್ಲ' ಎಂಬ ಮಾತನ್ನೇ ಆಡಬಾರದು, ನೀರು ಕೇಳಿಸಿಕೊಂಡು ಹೊರಟುಹೋಗುತ್ತದೆ ಎಂಬ ನಂಬಿಕೆಯೂ ಬೆಳೆದಿತ್ತು. ಆ ಮನೆಯಲ್ಲಿ ಉಪ್ಪು ಮುಗಿದರೂ ಉಪ್ಪು ಇಲ್ಲ ಎನ್ನುತ್ತಿರಲಿಲ್ಲ, ತರಬೇಕು ಎನ್ನುತ್ತಿದ್ದರು.

ಒಂದು ವರ್ಷ ಬೆಟ್ಟಕ್ಕೆ ಹಿಮ ಸರಿಯಾಗಿ ಬೀಳಲಿಲ್ಲ. ಬೇಸಿಗೆ ಹುಟ್ಟುವಾಗ ಬುಗ್ಗೆ ಇಳಿಯತೊಡಗಿತು. ಕಾಯುವವನ ಹತ್ತಿರ ಗೀರು ಹಾಕಿದ ಒಂದು ಕೋಲಿತ್ತು. ಬೆಳಗ್ಗೆ ಎದ್ದು ಬುಗ್ಗೆಯ ಬಾಯಿಗೆ ಇಳಿಸಿ ನೋಡುವನು. ದಿನಕ್ಕೆ ಒಂದು ಬೆರಳು ಕಡಿಮೆ. ಅವನು ಹೆದರಲಿಲ್ಲ. ಅವನ ಅಪ್ಪನ ಕಾಲದಲ್ಲಿ ಒಮ್ಮೆ ಹತ್ತೊಂಬತ್ತು ದಿನ ಹೀಗೆ ಇಳಿದು, ಇಪ್ಪತ್ತನೆಯ ದಿನ ನೀರು ತಾನಾಗಿ ಏರಿತ್ತು. ಅಪ್ಪ ಈ ಕತೆಯನ್ನು ಸಾಯುವವರೆಗೂ ಹೇಳಿದ್ದ.

ಇಪ್ಪತ್ತು ದಿನ ಆಯಿತು. ಇಪ್ಪತ್ತೈದು ಆಯಿತು. ಇಪ್ಪತ್ತೊಂಬತ್ತನೆಯ ದಿನ ಬೆಳಗ್ಗೆ ಕೋಲು ಒಣಗಿದ್ದದ್ದು ಒಣಗಿದ ಹಾಗೇ ಮೇಲೆ ಬಂತು.

ಅದೇ ಹೊತ್ತಿಗೆ ಅವನಿಗೆ ದಿಬ್ಬದ ಈಚೆ ಧೂಳು ಏಳುವುದು ಕಂಡಿತು. ಉಪ್ಪಿನವರ ತಂಡ. ಅವರು ದಿಬ್ಬ ದಾಟಿ ಆಗಿತ್ತು. ಸಂಜೆಗೆ ಬಂದು ಮುಟ್ಟುತ್ತಾರೆ. ಅವರಲ್ಲಿ ಉಳಿದಿದ್ದ ನೀರು ಆ ಸಂಜೆಯವರೆಗೆ ಮಾತ್ರ.

ಬುಗ್ಗೆಯಿಂದ ಉತ್ತರಕ್ಕೆ, ಅರ್ಧ ಹಗಲು ನಡೆದರೆ, ಒಂದು ಬಂಡೆ ಇತ್ತು. ಅದರ ಸಂದಿಯಿಂದ ನೀರು ಹನಿಹನಿಯಾಗಿ ಜಿನುಗಿ ಕೆಳಗಿನ ಕುಳಿಯಲ್ಲಿ ನಿಲ್ಲುತ್ತಿತ್ತು. ಕಾಯುವವನ ಮನೆಯವರಿಗೆ ಬಿಟ್ಟರೆ ಯಾರಿಗೂ ಅದು ಗೊತ್ತಿರಲಿಲ್ಲ. ಅವನು ತನ್ನ ಎರಡೂ ಕತ್ತೆಗಳ ಮೇಲೆ ಖಾಲಿ ತೊಗಲಿನ ಚೀಲಗಳನ್ನು ಹಾಕಿಕೊಂಡು ಓಡಿದ. ವರ್ಷಗಟ್ಟಲೆ ಮುಟ್ಟದ ಕುಳಿ ತುಂಬಿತ್ತು. ಎಂಟು ಚೀಲ ತುಂಬಿಸಿಕೊಂಡು ಓಡಿ ಬಂದ. ತಂಡ ಬರುವುದಕ್ಕೂ ಅವನು ಕೊನೆಯ ಚೀಲವನ್ನು ಬಾನಿಗೆ ಸುರಿದು ಚಪ್ಪಡಿ ಎಳೆಯುವುದಕ್ಕೂ ಸರಿಹೋಯಿತು.

ಅವರು ಕುಡಿದರು. ಕತ್ತೆಗಳಿಗೆ ಕುಡಿಸಿದರು. ಚೀಲ ತುಂಬಿಸಿಕೊಂಡರು. ತಂಡದ ಯಜಮಾನ ಮುಖ ತೊಳೆದುಕೊಂಡು, ಬೇರೆ ಕಡೆ ಎರಡು ಬುಗ್ಗೆ ಆಗಲೇ ಬತ್ತಿವೆ ಎಂದು ಹೇಳಿದ. ನಿಮ್ಮ ಮನೆತನದ ಕೈಯಲ್ಲಿ ಏನೋ ಇದೆಯಪ್ಪ ಎಂದ. ಒಂದು ಬೊಗಸೆ ಜವೆಗೋಧಿ ಕೊಡುವ ಕಡೆ ಮೂರು ಬೊಗಸೆ ಕೊಟ್ಟ.

ಕಾಯುವವನು ಹೇಳಬೇಕೆಂದು ಬಾಯಿ ತೆರೆದ. ಬಾನಿಯ ಪಕ್ಕವೇ ನಿಂತಿದ್ದರು. ಬುಗ್ಗೆಯ ಮುಂದೆ ಆಡಬಾರದ ಮಾತು ಅದು. ನಾಳೆ ನೀರು ಏರಿದರೂ ಏರಬಹುದು ಎಂದುಕೊಂಡ. ಬಾಯಿ ಮುಚ್ಚಿದ.

ಇಲ್ಲಿ ಚನ್ನವೀರ ತಡೆದ. ಅವನು ಓಡಿಹೋಗಿ ನೀರು ತಾರದಿದ್ದರೆ ಆ ತಂಡದವರು ಸಾಯುತ್ತಿದ್ದರಲ್ಲವೇ ಎಂದು ಕೇಳಿದ.

ಸಾಯುತ್ತಿದ್ದರು, ಆ ದಿನ ಅವನು ಮಾಡಿದ್ದು ಒಳ್ಳೆಯ ಕೆಲಸವೇ ಎಂದು ಗುರುಗಳು ಒಪ್ಪಿಕೊಂಡರು. ಮತ್ತೆ ಮುಂದುವರಿಸಿದರು.

ತಂಡ ಹೋದ ಮೇಲೆ ಹೆಂಡತಿ ಅವನನ್ನು ಮನೆಯಿಂದ ದೂರ, ಬುಗ್ಗೆಗೆ ಕೇಳಿಸದಷ್ಟು ದೂರ ಕರೆದುಕೊಂಡು ಹೋದಳು. ಗುಡ್ಡೆಯ ಸುಣ್ಣ ಇನ್ನು ನಾಲ್ಕೈದು ದಿನದಲ್ಲಿ ಹೋಗುತ್ತದೆ, ಹೋಗಲಿ ಬಿಡಿ, ನಾವು ಇಳಿದು ಹೋಗೋಣ ಎಂದಳು. ಅವನು ಅಪ್ಪನ ಕತೆ ಹೇಳಿದ. ಆ ಕತೆಯನ್ನು ಅವಳೂ ಅತ್ತೆಯ ಬಾಯಲ್ಲಿ ಕೇಳಿದ್ದಳು. ಅತ್ತೆ ಹೇಳುವಾಗ ಆ ಇಪ್ಪತ್ತು ದಿನದಲ್ಲಿ ಒಂದು ಮಗು ಹೋಗಿದ್ದೂ ಅದರಲ್ಲಿ ಇರುತ್ತಿತ್ತು. ಮಾವ ಹೇಳುವಾಗ ಇರುತ್ತಿರಲಿಲ್ಲ. ಅವಳು ಅದನ್ನು ಎತ್ತಲಿಲ್ಲ.

ನಾಲ್ಕು ದಿನ ಬಿಟ್ಟು ಅವನು ಸುಣ್ಣದ ಮಣ್ಣನ್ನು ಕಲಸಲು ಕೂತ. ಗುಡ್ಡೆಗೆ ಒಂದು ಸಲ ಬಳಿಯಲು ಮೂರು ಕೊಡ ನೀರು ಬೇಕಿತ್ತು. ಆ ನೀರು ಬಂಡೆಯಿಂದ ಹೊತ್ತು ತಂದದ್ದು.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ನನಗೆ ತಲೆ ತೊಳೆಯೋಕೆ ಒಂದು ಚೊಂಬು ಕೇಳಿದರೆ ಮುಖ ತಿರುಗಿಸ್ತೀರಿ. ಕಲ್ಲಿಗೆ ಮಾತ್ರ ಮೂರು ಕೊಡ ಸ್ನಾನ. ಆ ಗುಡ್ಡೇನೇ ಕಟ್ಟಿಕೊಳ್ಳಬಹುದಿತ್ತು ನೀವು" ಎಂದಳು.

ಅವನು ನಕ್ಕ. ಬಳಿಯಲು ಏರು ಹತ್ತಿದ.

ಅವತ್ತಿನಿಂದ ಅವನ ದಿನಗಳೆಲ್ಲ ಒಂದೇ ಆದವು. ಮುಂಜಾನೆ ಬಂಡೆಗೆ ಹೋಗುವುದು. ಜಿನುಗುವ ನೀರು ದಿನಕ್ಕೆ ಎರಡು ಚೀಲ ತುಂಬುತ್ತಿತ್ತು. ತಂದು ಬಾನಿಗೆ ಸುರಿಯುವುದು. ವಾರಕ್ಕೋ ಹತ್ತು ದಿನಕ್ಕೋ ಒಂದು ತಂಡ ಬಂದರೆ ಅಷ್ಟರಲ್ಲಿ ಬಾನಿಯಲ್ಲಿ ಅವರಿಗಾಗುವಷ್ಟು ನೀರು ಇರುತ್ತಿತ್ತು. ಚಪ್ಪಡಿ ಸರಿಸಿ ಕೊಡುತ್ತಿದ್ದ. ಯಾರೂ ಒಣ ಬಾಯಲ್ಲಿ ಹೋಗಲಿಲ್ಲ. ಹದಿನೈದು ದಿನಕ್ಕೊಮ್ಮೆ ಗುಡ್ಡೆಗೆ ಸುಣ್ಣ ಬಳಿಯುತ್ತಿದ್ದ. ಗಂಡ ಹೆಂಡತಿ ದಿನಕ್ಕೆ ಒಂದೊಂದು ಚೊಂಬಿನಲ್ಲಿ ಮುಗಿಸುತ್ತಿದ್ದರು. ಒಂದು ಕತ್ತೆ ದಾರಿಯಲ್ಲೇ ಬಿದ್ದು ಸತ್ತಿತು. ಉಳಿದದ್ದೂ ಸೊರಗಿತ್ತು, ಸತ್ತದ್ದರ ಪಾಲಿನ ಚೀಲವನ್ನು ಅವನೇ ಹೊತ್ತ. ಅವನ ಹೆಗಲಿನ ಚರ್ಮ ಕಿತ್ತು ಹುಣ್ಣಾಯಿತು.

ಅದೇ ಉಪ್ಪಿನ ಯಜಮಾನ ಕಾಳು ಹೇರಿಕೊಂಡು ಹಿಂದಿರುಗುವಾಗ ಮತ್ತೆ ಬಂದ. ಕಾಯುವವನನ್ನು ನೋಡಿ ಅವನಿಗೆ ಗುರುತೇ ಸಿಗಲಿಲ್ಲ.

"ಏನಪ್ಪಾ ಇದು, ನೀರು ಕಾಯೋನೇ ಒಣಗಿ ಕೊರಡಾಗಿದ್ದೀಯ. ತಂಗೀ, ಇವನನ್ನ ಒಂದು ದಿನ ಬಾನಿಯೊಳಗೆ ನೆನೆಹಾಕಮ್ಮ, ಆಮೇಲೆ ಹುರಿಯೋದೋ ಬೇಯಿಸೋದೋ ನೋಡುವಿಯಂತೆ" ಎಂದ. ಅವನ ಕಡೆಯವರು ನಕ್ಕರು. ಕಾಯುವವನೂ ನಕ್ಕ. ಹೆಂಡತಿ ನಗಲಿಲ್ಲ.

ಕುಡಿಯುವಾಗ ಯಜಮಾನ ಒಂದು ಕ್ಷಣ ತಡೆದ. ನೀರಿಗೆ ತೊಗಲಿನ ವಾಸನೆ ಬರುತ್ತಿದೆ ಎಂದ. ಕಾಯುವವನು, ನಿನ್ನೆ ಚೀಲಗಳನ್ನು ಬಾನಿಯಲ್ಲೇ ಅದ್ದಿ ತೊಳೆದೆ, ಅದಕ್ಕೆ ಎಂದ. ಬಾಯಿ ಬಿಟ್ಟು ಹೇಳಿದ ಮೊದಲ ಸುಳ್ಳು ಅದು. ಅಲ್ಲಿಯವರೆಗೆ ಅವನು ಸುಳ್ಳನ್ನು ಸುಣ್ಣದಲ್ಲಿ ಮಾತ್ರ ಹೇಳಿದ್ದ.

ಆ ರಾತ್ರಿ ಅವನು ಹೆಂಡತಿಯ ಮುಂದೆ ಲೆಕ್ಕ ಹೇಳಿದ. ಇಷ್ಟು ತಂಡ ಬಂದವು, ಇಷ್ಟು ಜನ ಕುಡಿದರು, ಒಬ್ಬರೂ ಸಾಯಲಿಲ್ಲ ಎಂದ. ಅವಳು, ಬಂಡೆಯ ನೀರು ಕಡಿಮೆಯಾಗುತ್ತಿದೆ ಎಂದು ನೀವೇ ಹೇಳಿದಿರಲ್ಲ ಎಂದಳು. ಕಡಿಮೆಯಾಗಿತ್ತು. ದಿನಕ್ಕೆ ಎರಡು ಚೀಲ ಇದ್ದದ್ದು ಒಂದಕ್ಕೆ ಇಳಿದಿತ್ತು. ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಯಜಮಾನ ಮೇಲಿನ ಊರುಗಳನ್ನು ಮುಟ್ಟಿದ. ಅಲ್ಲಿ ಒಂದು ಊರಿನವರು ಗುಳೆ ಹೊರಡಲು ಗಂಟುಮೂಟೆ ಕಟ್ಟುತ್ತಿದ್ದರು. ಅವರ ಊರಿನ ಬುಗ್ಗೆ ಬತ್ತಿತ್ತು. ಅದನ್ನು ಕಾಯುತ್ತಿದ್ದವನು ತನ್ನ ಗುಡ್ಡೆ ಮಾಸಲು ಬಿಟ್ಟು, ತಲೆ ತಗ್ಗಿಸಿಕೊಂಡು ಎಲ್ಲರಿಗಿಂತ ಮೊದಲೇ ಇಳಿದು ಹೋಗಿದ್ದ. ಊರಿನವರು ಅವನನ್ನು ಬೈದುಕೊಂಡೇ ಹೊರಡುವ ಸಿದ್ಧತೆ ಮಾಡುತ್ತಿದ್ದರು. ಒಟ್ಟು ನಲವತ್ತಮೂರು ಜನ. ಮುದುಕರು, ಮಕ್ಕಳು, ಒಬ್ಬಳು ತುಂಬಿದ ಬಸುರಿ. ನದಿಯ ದಾರಿ ಹಿಡಿಯುವುದು ಎಂದು ತೀರ್ಮಾನವಾಗಿತ್ತು. ಅವರ ಹಿರಿಯಳು ಒಬ್ಬ ಮುದುಕಿ. ಎಲ್ಲರೂ ಅವಳ ಮಾತು ಕೇಳುತ್ತಿದ್ದರು.

ಯಜಮಾನ ಅವಳಿಗೆ ಹೇಳಿದ. ಬಸುರಿಯನ್ನು ಕರೆದುಕೊಂಡು ಹನ್ನೆರಡು ದಿನ ಯಾಕೆ ಸುತ್ತುತ್ತೀರಿ, ನಡುವಿನ ಬುಗ್ಗೆ ತುಂಬಿದೆ, ನಾನೇ ಕುಡಿದು ಬಂದೆ, ನಾಲ್ಕು ದಿನದಲ್ಲಿ ಕೆಳಗಿರುತ್ತೀರಿ ಎಂದ. ಅವನು ಒಳ್ಳೆಯದಕ್ಕೇ ಹೇಳಿದ್ದು. ಹೇಳಿದ್ದರಲ್ಲಿ ಅವನ ಮಟ್ಟಿಗೆ ಸುಳ್ಳೂ ಇರಲಿಲ್ಲ.

ಆದರೂ ಮುದುಕಿ, ದಿಬ್ಬ ಹತ್ತಿದ ಮೇಲೆ ನೋಡಿ ತೀರ್ಮಾನಿಸೋಣ ಎಂದಳು. ದಿಬ್ಬ ಹತ್ತಿದರು. ಅವಳ ಕಣ್ಣು ಮಬ್ಬಾಗಿತ್ತು. ಮೊಮ್ಮಗಳನ್ನು ಮುಂದೆ ನಿಲ್ಲಿಸಿ ಏನು ಕಾಣುತ್ತದೆ ಎಂದು ಕೇಳಿದಳು. ಬೆಳ್ಳಗೆ ಕಾಣುತ್ತಿದೆ ಎಂದಳು ಮೊಮ್ಮಗಳು. ಮೂರು ದಿನದ ಹಿಂದಷ್ಟೇ ಬಳಿದ ಸುಣ್ಣ ಅದು. ಮುಂದೆ ನಡೆದರು.

ಬುಗ್ಗೆ ಮುಟ್ಟಿದಾಗ ಕಾಯುವವನು ಮನೆಯಲ್ಲಿರಲಿಲ್ಲ. ಬಂಡೆಯ ಹತ್ತಿರ ಹನಿ ತುಂಬುವುದನ್ನು ಕಾಯುತ್ತ ಕೂತಿದ್ದ. ಹೆಂಡತಿ ಒಬ್ಬಳೇ. ಅಷ್ಟು ಜನ ಒಟ್ಟಿಗೆ ಇಳಿದು ಬರುವುದನ್ನು ನೋಡಿ ಅವಳು ಬಾನಿಯ ಪಕ್ಕ ಹೋಗಿ ನಿಂತಳು.

ಮುದುಕಿ ಬಂದು ಚಪ್ಪಡಿಯ ಮೇಲೆ ಕೈ ಇಟ್ಟಳು. ಮೊದಲು ಮಕ್ಕಳು ಕುಡಿಯಲಿ, ತೆಗೆಯಮ್ಮ ಎಂದಳು. ಹೆಂಡತಿ ತೆಗೆದಳು. ತಳದಲ್ಲಿ ಗೇಣು ನೀರು. ಮಕ್ಕಳು ಕುಡಿದರು, ಬಸುರಿ ಕುಡಿದಳು, ಅಷ್ಟಕ್ಕೆ ಕಲ್ಲು ಕಂಡಿತು. ಉಳಿದವರು ಇನ್ನೇನು ತುಂಬುತ್ತದೆ ಎಂದು ಕಾದು ನಿಂತರು. ಯಾರೂ ನುಗ್ಗಲಿಲ್ಲ. ಬುಗ್ಗೆ ಬಾನಿ ತುಂಬಿಸಲು ಹೊತ್ತು ಹಿಡಿಯುತ್ತದೆ ಎಂದು ಅವರಿಗೆ ಗೊತ್ತಿತ್ತು.

ಹೆಂಡತಿ ಅವರನ್ನು ನೋಡಿದಳು. ಆಮೇಲೆ ಬುಗ್ಗೆಯ ಮುಂದೆ ಆ ಮನೆಯವರು ಯಾರೂ ಆಡದ ಮಾತನ್ನು ಆಡಿದಳು.

"ಇಲ್ಲ ಅಜ್ಜಿ."

"ಏನಿಲ್ಲ?"

"ನೀರಿಲ್ಲ. ಬುಗ್ಗೆ ಬತ್ತಿ ಎಪ್ಪತ್ತು ದಿನ ಆಯ್ತು."

ಮುದುಕಿಗೆ ಅದು ತಮಾಷೆ ಎನಿಸಿತು. "ಸುಮ್ಮನಿರೇ ಮಗಳೇ. ಗುಡ್ಡೆ ಬೆಳ್ಳಗಿದೆ, ಬುಗ್ಗೆ ಬತ್ತಿದೆ ಅಂತೀಯ. ಮದುಮಗಳು ಮಂಟಪದಲ್ಲಿ ಕೂತಿದ್ದಾಳೆ, ಆದರೆ ಸತ್ತು ವಾರ ಆಯ್ತು ಅಂದ ಹಾಗಾಯ್ತು" ಎಂದು ನಕ್ಕಳು. ಹೆಂಡತಿಯ ಮುಖ ನೋಡಿದಳು. ನಗು ನಿಲ್ಲಿಸಿದಳು.

ಗಂಡಸರು ಬುಗ್ಗೆಯ ಬಾಯಿಯನ್ನು ಬಗೆಯತೊಡಗಿದರು. ಸಲಿಕೆ ಇದ್ದವರು ಸಲಿಕೆಯಲ್ಲಿ, ಇಲ್ಲದವರು ಅಡುಗೆಯ ಪಾತ್ರೆಯಲ್ಲಿ. ಎರಡಾಳು ಆಳ ಹೋದರೂ ಗರಸು ಒಣಗಿಯೇ ಇತ್ತು. ಬಗೆದವರ ಮೈಯಲ್ಲಿದ್ದ ನೀರೂ ಆ ಕೆಲಸದಲ್ಲಿ ಹೋಯಿತು.

ಮಾರನೆಯ ದಿನ ಮಧ್ಯಾಹ್ನ ಕಾಯುವವನು ಎರಡು ಚೀಲ ನೀರಿನೊಂದಿಗೆ ಬಂದ. ಎರಡು ದಿನ ಕಾದು ತುಂಬಿಸಿದ ನೀರು. ಜನರನ್ನು ನೋಡಿ ನಿಂತುಬಿಟ್ಟ. ಅವರು ಅವನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ನೀರನ್ನು ಮುದುಕಿ ತನ್ನ ಅಂಗೈಯಲ್ಲಿ ಅಳೆದು ಒಬ್ಬೊಬ್ಬರ ಬಾಯಿಗೆ ಬಿಟ್ಟಳು. ಎರಡು ಚೀಲವೂ ಖಾಲಿಯಾದವು. ತಾನು ಕುಡಿಯಲಿಲ್ಲ. ಆಮೇಲೆ ಅವನ ಹತ್ತಿರ ಬಂದಳು.

"ದಿಬ್ಬದ ಮೇಲೆ ನಿಂತಿದ್ದಾಗ ನಮ್ಮ ಹತ್ತಿರ ವಾಪಸ್ಸು ಹೋಗೋಷ್ಟು ನೀರಿತ್ತು ಮಗಾ" ಎಂದಳು.

ಅವನು ಅಂಗಿ ಸರಿಸಿ ಹೆಗಲಿನ ಹುಣ್ಣು ತೋರಿಸಿದ. ಎಪ್ಪತ್ತು ದಿನ ಹೊತ್ತೆ ಅಜ್ಜೀ, ಯಾರೂ ಸಾಯಬಾರದು ಎಂದು ಹೊತ್ತೆ ಎಂದ.

"ಹೌದಪ್ಪ, ಹೊತ್ತಿದ್ದೀಯ" ಎಂದಳು ಅವಳು.

ಅವನು ನಿಂತ ಕಾಲಲ್ಲೇ ಮತ್ತೆ ಬಂಡೆಗೆ ಓಡಿದ. ಅವನು ಓಡಿದ ಮಾತ್ರಕ್ಕೆ ಹನಿ ಬೇಗ ಬೀಳುವುದಿಲ್ಲ. ಒಂದು ಚೀಲ ತುಂಬಿಸಿ ತರುವಷ್ಟರಲ್ಲಿ ಕೆಲವರು ಮುಂದೆ ಹೊರಟಿದ್ದರು, ಕೆಲವರು ಅಲ್ಲೇ ಕಾದು ಕೂತಿದ್ದರು. ಕೆಳಗಿನ ಊರಿಗೆ ಇನ್ನೂ ಎರಡು ದಿನದ ದಾರಿ. ಆ ಒಂದು ಚೀಲ ಸಾಲದೆ ಕಾದವರು ಬಾನಿಯ ಸುತ್ತ ಸತ್ತರು, ಹೊರಟವರಲ್ಲಿ ಬಹಳ ಜನ ದಾರಿಯಲ್ಲಿ ಸತ್ತರು. ಮುದುಕಿ ಕಾದವರಲ್ಲಿದ್ದಳು. ಬಸುರಿ ಹೊರಟವರಲ್ಲಿದ್ದಳು. ನಲವತ್ತಮೂರು ಜನರಲ್ಲಿ ಕೆಳಗೆ ಮುಟ್ಟಿದವರು ಹದಿನಾರು. ಅವರಿಗೆ ದಾರಿ ತೋರಿಸಿಕೊಂಡು ಹೋದವಳು ಕಾಯುವವನ ಹೆಂಡತಿ.

ಅವಳು ಹಿಂದಿರುಗಲಿಲ್ಲ. ಕೆಳಗಿ‌ನ ಊರಿನಲ್ಲಿ ಕೇಳಿದವರಿಗೆಲ್ಲ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಗಂಡನನ್ನು ಬೈಯಲಿಲ್ಲ, ತನ್ನ ತಪ್ಪನ್ನೂ ಮುಚ್ಚಿಡಲಿಲ್ಲ. ಸುಣ್ಣ ಕಲಸಲು ನಾನೂ ಎರಡು ಸಲ ಕೈ ಹಾಕಿದ್ದೆ ಎಂದಳು. ಮಾತು ಮೇಲಿನ ಊರುಗಳಿಗೂ ಹೋಯಿತು. ಉಪ್ಪಿನ ಯಜಮಾನನೂ ಅದನ್ನು ಕೇಳಿದ.

ಕಾಯುವವನು ಸತ್ತವರಿಗೆ ಕಲ್ಲು ಮುಚ್ಚಿದ. ನೆಲ ಅಗೆಯಲು ಅವನಲ್ಲಿ ಶಕ್ತಿ ಇರಲಿಲ್ಲ. ಗುಡ್ಡೆಗೆ ಸುಣ್ಣ ಬಳಿಯಲಿಲ್ಲ. ಹದಿನೈದು ದಿನದಲ್ಲಿ ಗಾಳಿ ತನ್ನ ಕೆಲಸ ಮಾಡಿತು. ಕಟ್ಟಳೆಯ ಪ್ರಕಾರ ಅವನು ಇಳಿದು ಹೋಗಬೇಕಿತ್ತು. ಹೋಗಲಿಲ್ಲ. ಒಬ್ಬನಿಗೆ ದಿನಕ್ಕೊಂದು ಚೊಂಬು ನೀರು ಬಂಡೆಯಿಂದ ಸಿಗುತ್ತಿತ್ತು. ಇದ್ದ ಜವೆಗೋಧಿಯನ್ನು ಹಿಡಿಹಿಡಿಯಾಗಿ ತಿಂದುಕೊಂಡು ಉಳಿದ.

ಆ ಚಳಿಗಾಲ ಬೆಟ್ಟಕ್ಕೆ ಬಹಳ ಹಿಮ ಬಿತ್ತು. ಬೇಸಿಗೆಯಲ್ಲಿ ಒಂದು ಬೆಳಗ್ಗೆ ಬುಗ್ಗೆಯ ಬಾಯಿ ಒದ್ದೆಯಾಗಿತ್ತು. ಮಾರನೆಯ ದಿನ ಬೆರಳು ಮುಳುಗುವಷ್ಟು. ಹತ್ತು ದಿನದಲ್ಲಿ ಬಾನಿ ತುಂಬಿ ಹೊರಗೆ ಹರಿಯಿತು. ಕಾಯುವವನು ಆ ನೀರಿನಲ್ಲಿ ಕೂತು ಅತ್ತ. ಆಮೇಲೆ ಎದ್ದು ಸುಣ್ಣದ ಮಣ್ಣು ಕಲಸಿ ಗುಡ್ಡೆಗೆ ಬಳಿದ. ಒಂದು ಸಲ ಸಾಲದು ಎಂದು ಎರಡು ಸಲ ಬಳಿದ.

ದಿಬ್ಬದ ಮೇಲೆ ಧೂಳು ಕಂಡಿತು. ನಿಂತಿತು. ಹಿಂದಕ್ಕೆ ಹೋಯಿತು.

ಹತ್ತು ದಿನ ಬಿಟ್ಟು ಮತ್ತೊಂದು ಧೂಳು. ಅದೂ ಹಿಂದಕ್ಕೆ ಹೋಯಿತು. ಮೂರನೆಯದೂ ಹೋಯಿತು. ಅವನು ಏರಿನ ಮೇಲೆ ಹೊಗೆ ಹಾಕಿ ನೋಡಿದ. ಹೊಗೆ ನೋಡಿ ಅವರು ಇನ್ನೂ ಬೇಗ ಹೋದರು.

ಬೇಸಿಗೆ ಮುಗಿಯುತ್ತ ಬಂದಾಗ ಅವನು ತಡೆಯಲಾರದೆ, ಬುಗ್ಗೆಯ ನೀರನ್ನೇ ಒಂದು ಚೀಲ ತುಂಬಿಸಿಕೊಂಡು, ಒಂದು ಹಗಲು ನಡೆದು ದಿಬ್ಬಕ್ಕೆ ಹೋಗಿ ಕೂತ. ನಾಲ್ಕನೆಯ ದಿನ ಒಂದು ತಂಡ ಬಂತು. ಹನ್ನೊಂದು ಜನ. ಮುಂದೆ ಇದ್ದವನು ಅದೇ ಉಪ್ಪಿನ ಯಜಮಾನ.

ಕಾಯುವವನು ಅವನ ಕಾಲು ಹಿಡಿದುಕೊಂಡ. ಬುಗ್ಗೆ ತುಂಬಿದೆ ಅಣ್ಣಾ, ಬಾನಿ ಉಕ್ಕಿ ಹರಿಯುತ್ತಿದೆ, ಬಂದು ನೋಡಿ ಎಂದ. ಚೀಲದ ಬಾಯಿ ಬಿಚ್ಚಿ ಅವನ ಅಂಗೈಗೆ ನೀರು ಸುರಿದ. ಯಜಮಾನ ಕುಡಿದು ನೋಡಿದ. ನೀರು ಸಿಹಿಯಾಗಿತ್ತು. ತಣ್ಣಗಿತ್ತು.

"ಚೆನ್ನಾಗಿದೆಯಪ್ಪ" ಎಂದ ಯಜಮಾನ. "ಇದನ್ನ ಎಲ್ಲಿಂದ ಹೊತ್ತು ತಂದೆ?"

ಬುಗ್ಗೆಯಿಂದಲೇ ತಂದೆ ಎಂದು ಕಾಯುವವನು ಎಷ್ಟೋ ಸಲ ಹೇಳಿದ. ಜೊತೆಗಿದ್ದವನೊಬ್ಬ, ಒಬ್ಬರನ್ನು ಕಳಿಸಿ ನೋಡಿಸಬಹುದಲ್ಲ ಎಂದು ಯಜಮಾನನ ಕಿವಿಯಲ್ಲಿ ಹೇಳಿದ. ಹೋಗಿ ಬರಲು ಎರಡು ದಿನ, ಇಲ್ಲಿ ಕೂತವರಿಗೆ ನೀರು ಎಲ್ಲಿದೆ ಎಂದ ಯಜಮಾನ. ಕೂತವರು ಆ ಚೀಲದ್ದನ್ನು ಕುಡಿಯಬಹುದಿತ್ತು. ಅದನ್ನು ಯಾರೂ ಹೇಳಲಿಲ್ಲ.

ಅವರು ತಿರುಗಿ ನದಿಯ ದಾರಿ ಹಿಡಿದರು. ಆ ವರ್ಷ ಹಿಮ ಬೇಗ ಬಿತ್ತು. ಅವರು ಕಣಿವೆ ಹತ್ತುವಾಗಲೇ ಬಿತ್ತು. ಹನ್ನೊಂದು ಜನರೂ ಅಲ್ಲೇ ಉಳಿದರು. ಬೇಸಿಗೆಯಲ್ಲಿ ಹಿಮ ಕರಗಿದಾಗ ಸಿಕ್ಕರು.

ಗುರುಗಳು ನಿಲ್ಲಿಸಿದರು. ಚನ್ನವೀರ ತಲೆ ತಗ್ಗಿಸಿ ಕೂತಿದ್ದ. ತಲೆ ಎತ್ತಿ ಕೇಳಿದ.

"ಈಗ ಆ ಬುಗ್ಗೆಯಲ್ಲಿ ನೀರಿದೆಯೇ ಬುದ್ಧಿ?"

"ಇದೆ ಎಂದು ಅವನು ಹೇಳುತ್ತಿದ್ದಾನೆ" ಎಂದರು ಗುರುಗಳು.